ನೆಲಕ್ಕಿಡದ ಕತ್ತರಿ

"ಅಲ್ಲೇ ಇಡೇ. ಕೈಗೆ ಕೊಡಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ? ಹಜಾಮರ ಬುದ್ಧಿ, ಒಂದ್ಸಲಕ್ಕೆ ತಲೆಗೆ ಹೋಗೋದಿಲ್ಲ."

ಗುತ್ಯಮ್ಮ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕತ್ತರಿಯ ಬಾಯಿ ಮುಚ್ಚಿ, ಅಲಗನ್ನು ತನ್ನ ಮುಷ್ಟಿಯೊಳಗೆ ಹಿಡಿದು, ಬೆರಳುಂಗುರಗಳನ್ನು ಎದುರಿನವರ ಕಡೆಗೆ ತಿರುಗಿಸಿ ಕೊಡುವುದು ಅವಳ ಕುಲದವರ ಪದ್ಧತಿ. ಚುಚ್ಚುವುದಿದ್ದರೆ ನನಗೇ ಚುಚ್ಚಲಿ, ನಿನಗೆ ಬೇಡ ಎಂದು ಅದರ ಅರ್ಥ. ಸಾಣೆ ಹಿಡಿದ ಕತ್ತರಿಯನ್ನು ನೆಲಕ್ಕೆ ಇಡಬಾರದು ಎಂದು ಮದುವೆಯಾಗಿ ಬಂದ ವರ್ಷವೇ ಅವಳ ಮಾವ ಹೇಳಿಕೊಟ್ಟಿದ್ದ. ಆಯುಧಪೂಜೆಯ ದಿನ ಕೂಡ ಮಣೆಯ ಮೇಲೆ, ಮಣೆಯ ಮೇಲೊಂದು ಬಟ್ಟೆ ಹಾಸಿ, ಅದರ ಮೇಲೆ.

ಗಾಜಿನ ಬಾಗಿಲಿನ ಒಳಗೆ ಎಸಿಯ ತಂಪಿನಲ್ಲಿ ವಾಗ್ದೇವಿಯಮ್ಮ ಕೂತಿದ್ದರು. ತೊಡೆಯ ಮೇಲೆ ಬಿಳಿಯ ಉಣ್ಣೆಯ ಮುದ್ದೆಯ ಹಾಗೆ ಅವರ ನಾಯಿ ಪ್ರಿನ್ಸ್ ಮಲಗಿತ್ತು. ಅದರ ಹೆಸರಿನಲ್ಲೇ ಅವರ ಮಗ ಹರಿಪ್ರಸಾದ ಹೆಗಡೆ ಸಾಗರದ ತನ್ನ ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ನಾಯಿಗಳ ಪಾರ್ಲರ್ ತೆಗೆದಿದ್ದ. ಪಕ್ಕದ ಮೇಜಿನ ಮೇಲೆ ಫೋನಿನಲ್ಲಿ ಗಮಕ ವಾಚನ ನಡೆದಿತ್ತು. ಯಾರೋ ಹಿರಿಯ ಗಮಕಿ, ಕಂಚಿನ ದನಿ. ಕೆಳಗೆ ಮೆಟ್ಟಿಲ ಬುಡದಲ್ಲಿ ತನ್ನ ಸಾಣೆಕಲ್ಲಿನ ಮುಂದೆ ಕೂತಾಗ ಆ ದನಿ ಕೇಳಲೆಂದೇ ಗುತ್ಯಮ್ಮ ಎಷ್ಟೋ ಸಲ ಮೋಟರನ್ನು ನಿಲ್ಲಿಸಿದ್ದಳು. ಅವಳ ಮಾವನಿಗೂ ಪದ್ಯಗಳು ಬಾಯಿಗೆ ಬರುತ್ತಿದ್ದವು. ಓದು ಬಾರದ ಮನುಷ್ಯ, ಕೇಳಿ ಕೇಳಿಯೇ ಕಲಿತದ್ದು, ಅದೂ ದೇವಸ್ಥಾನದ ಪೌಳಿಯ ಹೊರಗೆ ನಿಂತು.

"ಕತ್ತರಿ ಕೈಯಿಂದ ಕೈಗೆ ಹೋದ್ರೆ ಜಗಳ ಬರ್ತದೆ. ಅಷ್ಟಕ್ಕೇ ಹೇಳೋದು," ಎಂದು ವಾಗ್ದೇವಿಯಮ್ಮ ದನಿಯನ್ನು ಸ್ವಲ್ಪ ಮೆತ್ತಗೆ ಮಾಡಿದರು.

ಇದೇ ಕತ್ತರಿ ಬೆಂಗಳೂರಿನಿಂದ ಕೊರಿಯರಿನಲ್ಲಿ ಬಂದ ದಿನ, ವಾಗ್ದೇವಿಯಮ್ಮ ತಾವೇ ಎದ್ದು ಬಾಗಿಲಿಗೆ ಬಂದು ಆ ಹುಡುಗನ ಕೈಯಿಂದ ಎರಡೂ ಕೈಯಲ್ಲಿ ಈಸಿಕೊಂಡದ್ದನ್ನು ಗುತ್ಯಮ್ಮ ಮೆಟ್ಟಿಲ ಕೆಳಗಿನಿಂದ ನೋಡಿದ್ದಳು. ಜಗಳ ಬಂದದ್ದನ್ನು ನೋಡಲಿಲ್ಲ.

ಅವಳು ಬಗ್ಗಿ ಕತ್ತರಿಯನ್ನು ಹೊಸ್ತಿಲ ಹೊರಗಿನ ಗ್ರಾನೈಟಿನ ಮೇಲೆ ಇಟ್ಟಳು. ಮಗುವನ್ನು ಮಲಗಿಸುವ ಹಾಗೆ ಇಟ್ಟಳು. ವಾಗ್ದೇವಿಯಮ್ಮ ಕೂತಲ್ಲಿಂದಲೇ ಕಾಲು ಚಾಚಿ, ಚಪ್ಪಲಿಯ ತುದಿಯನ್ನು ಬೆರಳುಂಗುರದೊಳಗೆ ತೂರಿಸಿ ಒಳಗೆ ಎಳೆದುಕೊಂಡರು. ಕತ್ತರಿ ಸರಕ್ಕನೆ ತಿರುಗಿ, ಗಾಜಿನ ಬಾಗಿಲು ಜಾರುವ ಅಲ್ಯುಮಿನಿಯಂ ಪಟ್ಟಿಗೆ ಮೂತಿ ಹೊಡೆದುಕೊಂಡಿತು. ಟಣ್ ಎಂದಿತು.

ಗುತ್ಯಮ್ಮನ ಹಲ್ಲು ಜುಮ್ಮೆಂದಿತು.

"ಅಮ್ಮ, ತುದಿ ಮಡಚಿರ್ತದೆ. ಒಂದ್ಸಲ ಇಲ್ಲಿ ಕೊಡಿ, ನೋಡಿ ಕೊಡ್ತೀನಿ. ಹಂಗೇ ನಾಯಿಗೆ ಹಾಕ್ಬೇಡಿ."

"ನೀ ನಂಗೆ ಕಲಿಸ್ಲಿಕ್ಕೆ ಬರಬೇಡ. ಭವ್ಯಾ, ಸ್ಪ್ರೇ ಹೊಡಿಯೇ ಅದಕ್ಕೆ."

ನಾಯಿಗಳ ಕೂದಲು ಕತ್ತರಿಸುವ ಕೆಲಸದ ಭವ್ಯಾ ಬಂದು ಕತ್ತರಿಯ ಮೇಲೆ ಸ್ಯಾನಿಟೈಸರ್ ಸಿಂಪಡಿಸಿದಳು. ಆಮೇಲೆ ಗುತ್ಯಮ್ಮ ನಿಂತಿದ್ದ ಕಲ್ಲಿಗೂ ಒಂದಿಷ್ಟು ಸಿಂಪಡಿಸಿದಳು. ವಾಚನ ಮುಂದುವರಿದಿತ್ತು.

ಮಂಗಳವಾರ ಕ್ಷೌರದಂಗಡಿಗಳಿಗೆ ರಜೆ. ಕತ್ತರಿಗಳಿಗೆ ಬಿಡುವು ಸಿಗುವುದು ಅದೊಂದೇ ದಿನ. ಊರಿನ ಕ್ಷೌರಿಕರೆಲ್ಲ ಬಾಗಿಲು ಹಾಕಿದ ದಿನವೇ ಗುತ್ಯಮ್ಮ ಚೀಲ ಬಿಚ್ಚಬೇಕು. ಒಂದು ಮಂಗಳವಾರ ಸಾಗರ, ಮುಂದಿನದು ಹೊಸನಗರ, ಅದರಾಚೆಯದು ತೀರ್ಥಹಳ್ಳಿ, ಮತ್ತೆ ಸಾಗರ. ಹೊಸನಗರಕ್ಕೂ ತೀರ್ಥಹಳ್ಳಿಗೂ ಬಸ್ಸಿನಲ್ಲಿ ಕೈಕಲ್ಲು, ಎಣ್ಣೆ, ಚರ್ಮದ ಪಟ್ಟಿ ಅಷ್ಟೇ ಹೋಗುತ್ತಿದ್ದವು. ಬಿದ್ದು ನೆಗ್ಗಿದ್ದು, ಬಾಯಿ ಸೊಟ್ಟಗಾದದ್ದು, ನಾಯಿಯ ಕೂದಲಿನ ಮರಳು ತಿಂದು ಸವೆದದ್ದು ಎಲ್ಲ ಸಾಗರಕ್ಕೇ ಬರಬೇಕು. ಮೋಟರಿನ ಸಾಣೆಚಕ್ರ ಇದ್ದದ್ದು ಅಲ್ಲಿ, ಹೆಗಡೆಯ ಕಾಂಪ್ಲೆಕ್ಸಿನ ಮೆಟ್ಟಿಲ ಕೆಳಗೆ.

ಮೊದಲು ಆ ಜಾಗದಲ್ಲೊಂದು ಹಳೆಯ ಹೆಂಚಿನ ಕಟ್ಟಡವಿತ್ತು; ಅದರಲ್ಲಿ ಗುತ್ಯಮ್ಮನ ಗಂಡ ಬೆಳ್ಳಪ್ಪನ ಕ್ಷೌರದಂಗಡಿ. ಕಟ್ಟಡ ಕೆಡವುವ ಹೊತ್ತಿಗೇ ಬೆಳ್ಳಪ್ಪನ ಕೈಗೆ ನಡುಕ ಹತ್ತಿತು. ನಡುಗುವ ಕೈಗೆ ಯಾರು ಕುತ್ತಿಗೆ ಕೊಡುತ್ತಾರೆ? ಹೆಗಡೆ ದೊಡ್ಡ ಮನಸ್ಸು ಮಾಡಿದವನ ಹಾಗೆ ಮೆಟ್ಟಿಲ ಕೆಳಗಿನ ಸಂದು ತೋರಿಸಿ, ಗೋಡೆಗೊಂದು ಪ್ಲಗ್ಗು ಹಾಕಿಸಿಕೊಟ್ಟ. ಅಂದಿನಿಂದ ಕಲ್ಲಿನ ಮುಂದೆ ಗುತ್ಯಮ್ಮ ಕೂತಳು, ಪಕ್ಕದಲ್ಲಿ ಚೊಂಬು ಹಿಡಿದು ಕಲ್ಲಿಗೆ ನೀರು ಬಿಡಲು ಬೆಳ್ಳಪ್ಪ ಕೂತ. ಅವನು ಬಿಡುವುದೇ ಬೇಕಿರಲಿಲ್ಲ, ನಡುಕಕ್ಕೆ ನೀರು ಹನಿಹನಿಯಾಗಿ ತಾನೇ ಬೀಳುತ್ತಿತ್ತು. ಆ ಪ್ಲಗ್ಗು ಹೋದರೆ ಚಕ್ರ ಹೋಯಿತು, ಚಕ್ರ ಹೋದರೆ ಮೂರು ಊರಿನ ಕತ್ತರಿ ಹೋಯಿತು. ಇದು ಗುತ್ಯಮ್ಮನಿಗೂ ಗೊತ್ತಿತ್ತು, ಹೆಗಡೆಗೂ ಗೊತ್ತಿತ್ತು.

ಅವತ್ತು ಮಧ್ಯಾಹ್ನ ಮೆಟ್ಟಿಲ ಸುತ್ತ ಊರಿನ ಕ್ಷೌರಿಕರು ತಮ್ಮ ತಮ್ಮ ಕತ್ತರಿಗೆ ಕಾಯುತ್ತ ಕೂತಿದ್ದರು. ಬೆಳ್ಳಪ್ಪನ ಕೈಕೆಳಗೆ ಕೆಲಸ ಕಲಿತ ಗಣೇಶ ಯಾರದೋ ಮದುವೆಯ ಸುದ್ದಿ ಹೇಳುತ್ತಿದ್ದ. ಗುತ್ಯಮ್ಮ ಅವನ ಕತ್ತರಿಯ ಸ್ಕ್ರೂ ಬಿಗಿ ಮಾಡಿ, ಒಂದು ಉಂಗುರ ಹಿಡಿದು ಇನ್ನೊಂದನ್ನು ಕೈಬಿಟ್ಟು ನೋಡುತ್ತಿದ್ದಳು. ಅಲಗು ಸಡಿಲವೂ ಆಗದೆ ಬಿಗಿಯೂ ಆಗದೆ ಅರ್ಧ ದಾರಿಯಲ್ಲಿ ನಿಲ್ಲಬೇಕು. ಅದು ನಿಂತಿತು. ಅಷ್ಟರಲ್ಲಿ ಮೇಲಿನಿಂದ ನಾಯಿ ಕಿರುಚಿಕೊಂಡದ್ದು ಕೇಳಿತು.

ಸ್ವಲ್ಪ ಹೊತ್ತಿಗೆ ಹರಿಪ್ರಸಾದ ಇಳಿದು ಬಂದ. ಕಂಕುಳಲ್ಲಿ ಪ್ರಿನ್ಸ್, ಅದರ ಕಿವಿಗೆ ಹತ್ತಿ ಸುತ್ತಿತ್ತು. ಹಿಂದೆ ಭವ್ಯಾ.

"ಯಾವ ಬೋಳಿಮಗಳು ಇದಕ್ಕೆ ಸಾಣೆ ಹಿಡಿದಿದ್ದು? ನೋಡು. ಕಿವಿ ನೋಡು ಇದ್ರದ್ದು."

"ಬೆಳಗ್ಗೆ ನಾ ಕೊಟ್ಟಾಗ ಒದ್ದೆ ಹತ್ತಿ ಹಾಕಿದ್ರೂ ಎಳೀದಂಗೆ ಕತ್ತರಿಸ್ತಿತ್ತು ಹೆಗಡೇರೆ. ಅಮ್ಮ ಕಾಲಲ್ಲಿ ಎಳ್ಕಂಡ್ರು. ಬಾಗಿಲ ಪಟ್ಟಿಗೆ ಬಡೀತು, ತುದಿ ಮಡಚ್ತು. ನಾಯಿಗೆ ಹಾಕ್ಬೇಡಿ ಅಂತ್ಲೂ ಅಂದೆ. ಭವ್ಯಾ ಅಲ್ಲೇ ಇದ್ಲು, ಕೇಳಿ."

ಎಲ್ಲರೂ ಭವ್ಯಾಳ ಕಡೆ ನೋಡಿದರು. ಅವಳು ಕೈಯಲ್ಲಿದ್ದ ಸ್ಪ್ರೇ ಬಾಟಲಿಯ ಕಡೆ ನೋಡಿದಳು. ಅವಳ ತಿಂಗಳ ಸಂಬಳವೂ ಅದೇ ಗಾಜಿನ ಬಾಗಿಲಿನ ಒಳಗಿತ್ತು. ತಾನು ನೋಡಲಿಲ್ಲ ಎಂದಳು.

ಹರಿಪ್ರಸಾದ ಗುತ್ಯಮ್ಮನ ಮುಖದ ಹತ್ತಿರ ಬಗ್ಗಿದ. "ನಮ್ಮಮ್ಮನ ಕಾಲಿನ ಸುದ್ದಿಗೆ ಬಂದ್ರೆ ನಾಲಿಗೆ ಕಿತ್ತು ಹಾಕ್ತೀನಿ. ನಡಿ, ಪ್ರಿನ್ಸ್ ಹತ್ರ ತಪ್ಪಾಯ್ತು ಅನ್ನು. ಕೈ ಮುಗ್ದು ಹೇಳ್ಬೇಕು. ವಿಡಿಯೋ ಮಾಡಿ ಗುಂಪಿಗೆ ಹಾಕ್ತೀನಿ, ತಪ್ಪು ಪಾರ್ಲರಿಂದಲ್ಲ ಅಂತ ಗಿರಾಕಿಗಳಿಗೆ ಗೊತ್ತಾಗ್ಲಿ. ಇಲ್ಲದಿದ್ರೆ ಚಕ್ರ ಹೊತ್ಕಂಡು ಈಗ್ಲೇ ಜಾಗ ಖಾಲಿ ಮಾಡು."

"ನಾಯಿ ಪಾಪ ಏನ್ಮಾಡ್ತು? ಅದಕ್ಕೆ ನೋವಾಗಿದ್ದಕ್ಕೆ ನಂಗೂ ಸಂಕಟ ಐತೆ. ಕಿವಿಗೆ ಅರಿಶಿನ ಹಚ್ಚು ಅನ್ನಿ, ಹಚ್ತೀನಿ. ಕೈ ಮುಗಿಯಲ್ಲ."

ಅವನು ಗೋಡೆಯ ಪ್ಲಗ್ಗಿಗೆ ಕೈ ಹಾಕಿ ಕಿತ್ತ. ಚಕ್ರ ಸದ್ದು ಇಳಿಸುತ್ತ ಇಳಿಸುತ್ತ ನಿಂತಿತು. ಆ ಸದ್ದು ಪೂರ್ತಿ ನಿಲ್ಲುವ ಮೊದಲೇ ಬೆಳ್ಳಪ್ಪ ಚೊಂಬು ಕೆಳಗಿಟ್ಟು ಎದ್ದಿದ್ದ. ಗುತ್ಯಮ್ಮ ಅವನ ಪಂಚೆಯ ತುದಿಗೆ ಕೈ ಹಾಕಿದಳು, ಸಿಗಲಿಲ್ಲ. ಅವನು ಎರಡು ಕೈಯನ್ನೂ ಜೋಡಿಸಿದ. ಜೋಡಿಸಿದ ಕೈಗಳು ಒಂದರ ಮೇಲೊಂದು ನಿಲ್ಲದೆ ಪಟಪಟ ಬಡಿದುಕೊಳ್ಳುತ್ತಿದ್ದವು.

"ತಪ್ಪಾಯ್ತು ಒಡೆಯಾ."

ಆ ಮನೆಯವರ ಮುಂದೆ ಹುಟ್ಟಿದಾಗಿನಿಂದ ಆಡಿದ ಮಾತು. ನಾಯಿಯ ಮುಂದೆಯೂ ಅದೇ ಬಂತು.

"ಹೆಸರು ಹಿಡಿದು ಹೇಳೋ," ಎಂದ ಹರಿಪ್ರಸಾದ, ಫೋನನ್ನು ಹತ್ತಿರ ತಂದು.

"ತಪ್ಪಾಯ್ತು, ಪ್ರಿನ್ಸ್ ಒಡೆಯಾ."

ಕ್ಷೌರಿಕರಲ್ಲಿ ಯಾರೋ ಒಬ್ಬನಿಗೆ ನಗು ಬಂದು, ಅದನ್ನು ಅವನು ಕೆಮ್ಮಾಗಿ ತಿರುಗಿಸಿದ. ಉಳಿದವರು ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಹರಿಪ್ರಸಾದ ಕಾಲಿನಿಂದ ಪ್ಲಗ್ಗಿನ ವೈರನ್ನು ಗುತ್ಯಮ್ಮನ ಕಡೆಗೆ ತಳ್ಳಿ ಮೇಲೆ ಹೋದ.

ಆ ರಾತ್ರಿ ಅವಳು ಗಂಡನಿಗೆ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ಕೊನೆಗೆ ಅವನೇ ಹೇಳಿದ. "ಜಾಗ ಉಳೀತಲ್ಲೇ."

"ಜಾಗ ಉಳೀತು. ಅದ್ರಾಗೆ ಕೂರೋದು ಯಾರು?"

ಮುಂದಿನ ಮಂಗಳವಾರ ಹೊಸನಗರದಲ್ಲಿ ಬಸ್ಸಿಳಿದಾಗ ವಿಡಿಯೋ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅಂಗಡಿಯ ನಿಂಗಪ್ಪ ಕತ್ತರಿಗಳ ಸುರುಳಿ ಕೈಗೆ ಕೊಡುತ್ತ, ನೋಡಬೇಡ ಅಕ್ಕ ಎಂದು ಹೇಳಿಯೇ ತೋರಿಸಿದ. ಬೆಳ್ಳಪ್ಪನ ಕೈ ಬಡಿದುಕೊಳ್ಳುವುದಕ್ಕೆ ಯಾರೋ ತಮಟೆಯ ಸದ್ದು ಜೋಡಿಸಿದ್ದರು. ಕೆಳಗೆ ನಗುವ ಮುಖಗಳ ಸಾಲು. ಒಬ್ಬರು ಬರೆದಿದ್ದರಂತೆ, ಸಂಸ್ಕಾರವಂತ ಮುದುಕ, ಈಗಿನ ಕಾಲದಲ್ಲಿ ಇಂಥವರು ಸಿಗುವುದಿಲ್ಲ ಎಂದು. ಆ ಮಾತನ್ನು ನಿಂಗಪ್ಪ ಓದಿ ಹೇಳಿದಾಗ ಗುತ್ಯಮ್ಮನಿಗೆ ನಗುವ ಮುಖಗಳೇ ವಾಸಿ ಎನಿಸಿತು.

ತೀರ್ಥಹಳ್ಳಿಯಲ್ಲಿ ಚಾದಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಬೆನ್ನ ಹಿಂದಿನಿಂದ ಒಬ್ಬ ಸಣ್ಣ ದನಿಯಲ್ಲಿ "ಪ್ರಿನ್ಸ್ ಒಡೆಯಾ" ಎಂದ. ಅವಳು ತಿರುಗಿ ನೋಡದೆ, ಬಿಸಿ ಚಾದ ಲೋಟವನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದಳು. ಹಿಂದೆ ಯಾರೋ ಹೊಯ್ಕೊಂಡರು. ಲೋಟದ ದುಡ್ಡು ಎಷ್ಟು ಎಂದು ಅಂಗಡಿಯವನನ್ನು ಕೇಳಿದಳು. ಅವನು ಬೇಡ ಎಂದು ಕೈ ಆಡಿಸಿದ.

ಬೆಳ್ಳಪ್ಪ ಆ ಎರಡೂ ಊರಿಗೆ ಬರಲಿಲ್ಲ. ಚೊಂಬು ಮುಟ್ಟುವುದನ್ನೂ ಬಿಟ್ಟ. ಮನೆಯಲ್ಲಿ ಅವನು ಕೂರುವ ಮೂಲೆಯ ಮೇಲಿನ ಹಲಗೆಯಲ್ಲಿ ಅವನ ಅಪ್ಪನ ಮರದ ಪೆಟ್ಟಿಗೆ ಇತ್ತು. ಒಳಗಿನ ಕ್ಷೌರದ ಕತ್ತಿ ಹೆಗಡೆಯವರ ಮನೆಯನ್ನೇ ಹೆಚ್ಚು ಕಂಡದ್ದು. ವಾಗ್ದೇವಿಯಮ್ಮನ ಅಜ್ಜತ್ತೆ, ಅವರ ಗಂಡನ ಅಜ್ಜಿ, ತಮ್ಮ ಗಂಡ ಸತ್ತ ಮೇಲೆ ಕೊನೆಯವರೆಗೂ ಆ ಕತ್ತಿಗೇ ತಲೆ ಕೊಟ್ಟಿದ್ದರು. ಬೆಳಕು ಹರಿಯುವ ಮೊದಲು ಮಾವ ಹಿಂದಿನ ಬೇಲಿಯ ಉಣುಗೋಲು ದಾಟಿ ಹಿತ್ತಿಲಿಗೆ ಹೋಗಬೇಕು. ಎದುರು ಯಾರೂ ಬರುವಂತಿಲ್ಲ. ತಲೆ ಕೈಯಲ್ಲಿದ್ದಷ್ಟು ಹೊತ್ತು ಆ ಹೆಂಗಸು ಸದ್ದಿಲ್ಲದೆ ಅಳುತ್ತಿತ್ತು, ಅಳು ನನ್ನ ಅಂಗೈಗೆ ಗೊತ್ತಾಗುತ್ತಿತ್ತು ಎಂದು ಮಾವ ಹೇಳುತ್ತಿದ್ದ. ಬೋಳಿಸಿ ಆದ ಮೇಲೆ ಅದೇ ಹೆಂಗಸು ಮಾರು ದೂರ ನಿಂತು, ಇವನು ಒಡ್ಡಿದ ಹೆಗಲ ವಲ್ಲಿಗೆ ಮೇಲಿನಿಂದ ಅಕ್ಕಿ ಸುರಿಯುತ್ತಿದ್ದಳು. ಮಾವ ಇದನ್ನು ಸಿಟ್ಟಿನಿಂದ ಹೇಳಿದವನಲ್ಲ. ಸಿಟ್ಟೆಲ್ಲ ಪೆಟ್ಟಿಗೆಯೊಳಗೆ ಉಳಿದು ಸೊಸೆಯ ಪಾಲಿಗೆ ಬಂದಿತ್ತು.

ಮತ್ತೆ ಸಾಗರದ ಮಂಗಳವಾರ ಬಂತು. ಬೆಳ್ಳಪ್ಪ ಬಾರದ್ದರಿಂದ ಗಣೇಶ ಚೊಂಬು ಹಿಡಿದು ಕೂತ. ಅವನ ಕೈ ಗಟ್ಟಿ, ನೀರು ಒಮ್ಮೆಗೇ ಬೀಳುತ್ತಿತ್ತು. "ನೀ ಬಿಡು ಮಾರಾಯ, ಹೊಳೆ ಹರಿಸ್ತೀಯ," ಎಂದು ಅವಳೇ ಚೊಂಬು ಕಸಿದುಕೊಂಡಳು. ಯಾರೂ ನಗಲಿಲ್ಲ.

ಭವ್ಯಾ ಅವಸರದಲ್ಲಿ ಇಳಿದು ಬಂದಳು. ಹೊಸನಗರದ ಡಾಕ್ಟರ ಹೆಂಡತಿ ದೀಪ್ತಿ ಮೇಡಂ ತಮ್ಮ ನಾಯಿ ತಂದಿದ್ದಾರೆ, ಅರ್ಧ ಮುಖ ಆಗುವಷ್ಟರಲ್ಲಿ ಕತ್ತರಿ ಕೂದಲು ಎಳೆಯಲು ಶುರುಮಾಡಿದೆ, ಬೇಗ ಆಗಬೇಕಂತೆ ಎಂದು ಒಂದೇ ಉಸಿರಿಗೆ ಹೇಳಿದಳು. ಮಡಚಿದ ತುದಿಯನ್ನು ಯಾರೋ ಅರದಿಂದ ಉಜ್ಜಿ ಇಷ್ಟು ದಿನ ನೂಕಿದ್ದರು. ಕತ್ತರಿಯನ್ನು ಅವಳು ಕೈಯಲ್ಲಿ ತಂದಿರಲಿಲ್ಲ. ಸ್ಟೀಲಿನ ತಟ್ಟೆಯೊಂದರಲ್ಲಿ ಇಟ್ಟು ತಂದಿದ್ದಳು. ತಟ್ಟೆಯ ಅಂಚಿನಲ್ಲಿ ಪ್ರಿನ್ಸ್ ಎಂದು ಕೊರೆದಿತ್ತು. ಒಳಗೆ ಮೊಸರನ್ನದ ಅಗುಳೊಂದು ಒಣಗಿ ಅಂಟಿತ್ತು.

"ಇದ್ರಲ್ಲೇ ಇಟ್ಟು ತಂದುಕೊಡ್ಬೇಕಂತೆ ಇನ್ಮೇಲೆ," ಎಂದಳು ಭವ್ಯಾ, ಮುಖ ಎತ್ತದೆ. "ನೆಲಕ್ಕಿಟ್ಟು ಎಳೆದ್ರೆ ತುದಿ ಹೋಗ್ತದೆ, ಹೋದ್ಸಲ ಹಂಗೇ ಆಯ್ತಲ್ಲ ಅಂದ್ರು ಅಮ್ಮ."

ಗುತ್ಯಮ್ಮ ತಟ್ಟೆಯನ್ನೇ ನೋಡಿದಳು.

"ಹಂಗೇ ಆಯ್ತು ಅಂದ್ರಾ? ಅವ್ರೇ ಅಂದ್ರಾ?"

ಭವ್ಯಾ ತಲೆ ಆಡಿಸಿದಳು. ಗಣೇಶನ ಬಾಯಿಂದ ಹೊಲಸು ಬೈಗುಳವೊಂದು ಹೊರಬಿತ್ತು. ಗೊತ್ತಿತ್ತು ಅವರಿಗೆ. ಬೆಳ್ಳಪ್ಪ ಕೈ ಜೋಡಿಸುವಾಗಲೂ ಗೊತ್ತಿತ್ತು, ತಮಟೆಯ ಸದ್ದು ಮೂರು ಊರು ಸುತ್ತುವಾಗಲೂ ಗೊತ್ತಿತ್ತು. ಗೊತ್ತಾದದ್ದಕ್ಕೆ ಸಿಕ್ಕ ಪರಿಹಾರ ಈ ನಾಯಿಯ ತಟ್ಟೆ.

ಗುತ್ಯಮ್ಮ ಕತ್ತರಿ ಎತ್ತಿಕೊಂಡು ಕೆಲಸಕ್ಕೆ ಕೂತಳು. ಸಿಟ್ಟಿನ ಕೈಯನ್ನು ಕಲ್ಲಿಗೆ ಇಡಬಾರದು. ಆದ್ದರಿಂದ ಮೊದಲು ಕೈ ತೊಳೆದುಕೊಂಡಳು. ಸ್ಕ್ರೂ ಬಿಚ್ಚಿ, ಸಂದಿಗೆ ಕಚ್ಚಿದ್ದ ಕೂದಲಿನ ಕೊಳೆ ತೆಗೆದಳು. ನಾಯಿಯ ಮುಖಕ್ಕೆಂದೇ ಬಾಗಿಸಿದ ಅಲಗಿನ ಬಾಗಿನ ಗುಂಟ ಚಕ್ರಕ್ಕೆ ಕೊಟ್ಟಳು, ನೀರು ಬಿಟ್ಟಳು, ಮತ್ತೆ ಕೊಟ್ಟಳು. ಮೇಲಿನಿಂದ ವಾಚನ ಕೇಳುತ್ತಿತ್ತು. ಇವತ್ತು ಅವಳು ಮೋಟರು ನಿಲ್ಲಿಸಿ ಕೇಳಲಿಲ್ಲ. ಚರ್ಮದ ಪಟ್ಟಿಗೆ ಎಳೆದು, ಜೋಡಿಸಿ, ಒದ್ದೆ ಹತ್ತಿ ಕತ್ತರಿಸಿ ನೋಡಿದಳು. ಹತ್ತಿ ಎರಡಾದದ್ದು ಹತ್ತಿಗೇ ತಿಳಿಯದ ಹಾಗೆ ಎರಡಾಯಿತು.

ಆಮೇಲೆ ಎದ್ದು ಗೋಡೆಯ ಪ್ಲಗ್ಗು ಕಿತ್ತಳು. ಮೋಟರಿನ ಬೋಲ್ಟು ಸಡಿಲಿಸಿ, ಚಕ್ರವನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ಗಣೇಶ ಬಾಯಿ ತೆರೆದ.

"ಅತ್ತಿಗೆ, ಏನು ಮಾಡ್ತೀಯ? ಎಲ್ಲಿಗೆ ಹೋಗ್ತೀಯ ಇದನ್ನ ಹೊತ್ಕಂಡು?"

"ಗೊತ್ತಿಲ್ಲ. ಆ ಕಡೆ ರಸ್ತೆಗೆ ಇಡು ಚೀಲಾನ."

ನಾಯಿಯ ತಟ್ಟೆಯನ್ನು ಮೆಟ್ಟಿಲ ಕೆಳಗೇ ಕವುಚಿ ಹಾಕಿ, ಕತ್ತರಿ ಹಿಡಿದು ಮೇಲೆ ಹತ್ತಿದಳು. ಕ್ಷೌರಿಕರು ಒಬ್ಬೊಬ್ಬರಾಗಿ ಎದ್ದು ಮೆಟ್ಟಿಲ ಬುಡಕ್ಕೆ ಬಂದರು. ಹತ್ತಲಿಲ್ಲ.

ಗಾಜಿನ ಬಾಗಿಲು ತೆರೆದಿತ್ತು. ಒಳಗೆ ಎತ್ತರದ ಮೇಜಿನ ಮೇಲೆ ಅರ್ಧ ಮುಖ ಬೋಳಾದ ನಾಯಿ ಕುಣಿಕೆಗೆ ಕುತ್ತಿಗೆ ಕೊಟ್ಟು ನಿಂತಿತ್ತು. ದೀಪ್ತಿ ಮೇಡಂ ಗಡಿಯಾರ ನೋಡುತ್ತಿದ್ದರು. ಹರಿಪ್ರಸಾದ ಗಲ್ಲಾದಲ್ಲಿದ್ದ. ವಾಗ್ದೇವಿಯಮ್ಮ ಪ್ರಿನ್ಸನ್ನು ತೊಡೆಯ ಮೇಲಿಟ್ಟುಕೊಂಡು ಪದ್ಯಕ್ಕೆ ತಾಳ ಹಾಕುತ್ತಿದ್ದರು.

"ತಟ್ಟೆ ಎಲ್ಲಿ?" ಎಂದರು.

ಗುತ್ಯಮ್ಮ ಸೊಂಟದಿಂದ ಸ್ಕ್ರೂಡ್ರೈವರ್ ತೆಗೆದಳು. ಅವರ ಕಣ್ಣೆದುರೇ ಸ್ಕ್ರೂ ಬಿಚ್ಚಿದಳು. ಕತ್ತರಿ ಎರಡು ತುಂಡಾಯಿತು. ಸ್ಕ್ರೂವನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಒಂದು ಅಲಗನ್ನು ಬಗ್ಗಿ ಗ್ರಾನೈಟಿನ ಮೇಲೆ ಇಟ್ಟಳು. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿದು, ಉಂಗುರವನ್ನು ಮುಂದೆ ಮಾಡಿ, ಕೈ ಚಾಚಿದಳು.

"ಕೆಳಗಿಂದು ಕಾಲಲ್ಲಿ ಎಳ್ಕಳ್ಳಿ. ಅದು ನಿಮ್ಮ ಪದ್ಧತಿ. ಇದನ್ನ ನನ್ನ ಕೈಯಿಂದ ತಗಳ್ಳಿ. ಇದು ನಮ್ದು. ಎರಡೂ ಒಳಗೆ ಬಂದ್ಮೇಲೆ ಸ್ಕ್ರೂ ಕೊಡ್ತೀನಿ."

"ಹರೀ, ಎಂತ ಹೇಳ್ತಾ ಇದ್ದು ಅದು? ಹೊರಗೆ ಹಾಕು ಅದ್ರ."

"ಏ ಹಜಾಮರವಳೇ, ಪ್ಲಗ್ಗು ಕೀಳ್ತೀನಿ ಈಗ." ಹರಿಪ್ರಸಾದ ಎದ್ದ.

"ಕಿತ್ತಾಗೈತೆ. ನಾನೇ ಕಿತ್ತೆ. ಚಕ್ರ ರಸ್ತೇಲೈತೆ, ನೋಡು ಬಗ್ಗಿ."

ಅವನು ಬಗ್ಗಿ ರಸ್ತೆಯ ಕಡೆ ನೋಡಿದ. ಕೀಳಲು ಅವನ ಹತ್ತಿರ ಬೇರೆ ಏನೂ ಇರಲಿಲ್ಲ. ಭವ್ಯಾ ಸ್ಪ್ರೇ ಬಾಟಲಿ ಮೇಜಿನ ಮೇಲಿಟ್ಟು ಬಾಗಿಲಿಗೆ ಬಂದಳು. ಬರಿಗೈ ಮುಂದೆ ಚಾಚಿದಳು. ಅವಳ ಕಣ್ಣು ತುಂಬಿತ್ತು.

"ನೀನಲ್ಲ ಮಗಾ," ಎಂದಳು ಗುತ್ಯಮ್ಮ. "ಕಾಲು ಯಾರದಾಗಿತ್ತೋ ಕೈಯೂ ಅವ್ರದ್ದೇ ಬರ್ಲಿ."

ವಾಗ್ದೇವಿಯಮ್ಮನ ಮುಖ ಕೆಂಪಾಯಿತು. "ನಾನಾ? ನಿನ್ನ ಕೈಯಿಂದ ನಾನು ತಗೊಳ್ಳೋದಾ? ಗುರುವಾರ ವರದಹಳ್ಳಿ ಆಶ್ರಮದ ಪೂಜೆಗೆ ಹೋಗೋ ಕೈಯಿದು. ನಮ್ಮ ಮನೇಲಿ ಯಾವ ಕಾಲದಲ್ಲೂ..."

"ನಿಮ್ಮ ಅಜ್ಜತ್ತೆ ತಲೆ ನಮ್ಮ ಮಾವನ ಕೈಯಲ್ಲಿತ್ತಲ್ಲಮ್ಮ, ನಿಮ್ಮ ಹಿತ್ಲಲ್ಲಿ. ಅದನ್ನ ಕಾಲಲ್ಲಿ ಉರುಳ್ಸಿ ಕೊಟ್ಟಿದ್ರಾ?"

ದೀಪ್ತಿ ಮೇಡಂ ಗಡಿಯಾರದಿಂದ ತಲೆ ಎತ್ತಿದರು. ಮೆಟ್ಟಿಲ ಬುಡದಲ್ಲಿ ಯಾರೋ ಉಸಿರೆಳೆದುಕೊಂಡದ್ದು ಮೇಲಿನವರೆಗೂ ಕೇಳಿತು. ವಾಗ್ದೇವಿಯಮ್ಮನ ಬೆರಳು ತಡಕಾಡುತ್ತ ಹೋಗಿ ಫೋನು ಒತ್ತಿತು. ಪದ್ಯ ಅರ್ಧ ಸಾಲಿಗೆ ನಿಂತಿತು. ಹರಿಪ್ರಸಾದ ರೂಢಿಯಂತೆ ತನ್ನ ಫೋನನ್ನು ಎತ್ತಿ ಹಿಡಿದ. ಹಿಡಿದವನು ಪರದೆಯಲ್ಲಿ ಅಮ್ಮನ ಮುಖ ಕಂಡು ಇಳಿಸಿದ.

ಮೇಜಿನ ಮೇಲಿನ ನಾಯಿ ಒಮ್ಮೆ ಮೈ ಒದರಿತು. ಯಾರೂ ಅದರ ಕಡೆ ನೋಡಲಿಲ್ಲ.

ಗುತ್ಯಮ್ಮನ ಕೈ ಚಾಚಿದ ಹಾಗೆಯೇ ಇತ್ತು. ಅದು ನಡುಗಲಿಲ್ಲ. ಈಗಷ್ಟೇ ಸಾಣೆ ಹಿಡಿದ ಅಲಗು, ಬಿಗಿದ ಮುಷ್ಟಿ. ಬೆರಳ ಸಂದಿಯಿಂದ ಒಂದು ಕೆಂಪು ಹನಿ ಇಳಿದು ಕೆಳಗಿನ ಅಲಗಿನ ಮೇಲೆ ಬಿತ್ತು. ಸ್ವಲ್ಪ ತಡೆದು, ಅದರ ಪಕ್ಕದ ಗ್ರಾನೈಟಿನ ಮೇಲೆ ಇನ್ನೊಂದು.